ಹನ್ನೊಂದು ಮೂಟೆ ಕಲ್ನಾರು

ಎದೆರೋಗದ ಡಾಕ್ಟರಮ್ಮ ನನಗೆ ಹೇಳಿದ ಮೊದಲ ಪಥ್ಯ ಮಾತಿನದು. ನಿಧಾನವಾಗಿ ಮಾತಾಡಿ, ಒಂದು ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಳ್ಳಿ, ಯಾವುದಕ್ಕೂ ಸಡಗರ ಪಡಬೇಡಿ ಎಂದರು. ಹುಟ್ಟಿದಾಗಿನಿಂದ ಸಡಗರ ಪಟ್ಟುಕೊಂಡೇ ಬಂದವಳಿಗೆ ಇದೆಂಥ ಶಿಕ್ಷೆ ನೋಡಿ! ಆದರೆ ಪಥ್ಯ ಬಾಯಿಗೆ ಮಾತ್ರ, ಕೈಗಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೋದ ವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಕಾಯಿಲೆಯ ವಿಚಾರ ಹೇಳಬೇಕು.

ನಾನು ಹುಟ್ಟಿದ್ದು ಕೊಳ್ಳೇಗಾಲದ ನೇಕಾರರ ಮನೆಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ, ಮದುವೆಯಾಗಿ ಕೊಯಮತ್ತೂರಿನ ಕಡೆಗೆ ಬಂದೆ. ಗಂಡನ ಮನೆಯವರೂ ನೇಕಾರರೇ. ತಲೆಮಾರುಗಳಿಂದ ಇಲ್ಲೇ ಇದ್ದಾರೆ, ಮನೆಯೊಳಗೆ ಕನ್ನಡ ಆಡುತ್ತಾರೆ, ಓದಲು ಮಾತ್ರ ಯಾರಿಗೂ ಬಾರದು. ನನ್ನ ನಾದಿನಿ ರಾಜಿಗೂ ಬಾರದು. ಹಾಗಾಗಿ ಅವಳ ಬಗ್ಗೆ ಧಾರಾಳವಾಗಿ ಬರೆಯುತ್ತೇನೆ, ಜಗಳಕ್ಕೆ ಬರುವ ಭಯವಿಲ್ಲ. ನಿಮ್ಮಲ್ಲಿ ಯಾರಾದರೂ ಬಿಡದ ಒಣಕೆಮ್ಮು ಇಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದರೆ, ಪಕ್ಕದಲ್ಲಿ ನಾನೂ ಕೂತಿದ್ದೇನೆ ಅಂದುಕೊಳ್ಳಿ. ಸ್ವಲ್ಪ ವಾಚಾಳಿ, ಸಹಿಸಿಕೊಳ್ಳಿ.

ಇಪ್ಪತ್ತೆರಡು ವರ್ಷದ ಹಿಂದೆ, ಕೊಯಮತ್ತೂರಿನಿಂದ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ಸರ್ಕಾರದ ಒಂದು ಕೈಗಾರಿಕಾ ಎಸ್ಟೇಟಿನಲ್ಲಿ ನಮಗೊಂದು ಶೆಡ್ ಬಾಡಿಗೆಗೆ ಸಿಕ್ಕಿತು. ಎಸ್ಟೇಟಿನ ಹೆಸರು ಬೇಡ, ಇಲಾಖೆಯ ಹೆಸರೂ ಬೇಡ. ಮಗ್ಗ ನಡೆಸಿ ಸಾಕಾಗಿದ್ದ ನನ್ನ ಯಜಮಾನರು ರಂಗಸಾಮಿ, ತಿರುಪ್ಪೂರಿನಿಂದ ಬನಿಯನ್ ಬಟ್ಟೆ ತಂದು ಹೊಲಿದುಕೊಡುವ ಕೆಲಸ ಶುರುಮಾಡಿದರು. ಮುಂದೆ ಹಜಾರ, ಅಲ್ಲಿ ಹನ್ನೆರಡು ಹೊಲಿಗೆ ಮೆಷಿನ್ನು. ಹಿಂದೆ ಒಂದು ಕೋಣೆ. ನಮಗಿಂತ ಮೊದಲು ಆ ಶೆಡ್ಡಿನಲ್ಲಿ ಯಾರೋ ಕೊಯಮತ್ತೂರಿನ ಕುರಿಚಿ ಕಡೆಯ ಫೌಂಡ್ರಿಗಳಿಗೆ ಬೆಂಕಿ ತಡೆಯುವ ಹಗ್ಗ, ಬಟ್ಟೆ ನೇಯುತ್ತಿದ್ದರಂತೆ. ಅವರು ಮುಚ್ಚಿಕೊಂಡು ಹೋದ ಮೇಲೆ ಇಲಾಖೆ ಶೆಡ್ಡನ್ನು ವಾಪಸು ತೆಗೆದುಕೊಂಡು, ವರ್ಷಗಟ್ಟಲೆ ಬೀಗ ಹಾಕಿಟ್ಟು, ನಮಗೆ ಕೊಟ್ಟಿತು.

ಕೊಡುವ ದಿನ ಒಬ್ಬ ಅಧಿಕಾರಿ ಪಟ್ಟಿ ಹಿಡಿದು ಬಂದರು. ಫ್ಯಾನು ಇಷ್ಟು, ಕಿಟಕಿ ಇಷ್ಟು ಎಂದು ಬರೆಯುತ್ತಾ ಹಿಂದಿನ ಕೋಣೆ ತೆಗೆಸಿದರು. ಒಳಗೆ ಹನ್ನೊಂದು ಗೋಣಿಮೂಟೆ. ಒಂದರಿಂದ ಬೂದುಬಿಳಿ ನಾರು ಇಣುಕುತ್ತಿತ್ತು. ಅಧಿಕಾರಿ ಒಂದು ಚಿಟಿಕೆ ಕಿತ್ತು ನೋಡಿ "ಪಂಜು" ಅಂದರು. ಹತ್ತಿಗೆ ನಮ್ಮ ಕಡೆ ಎಲ್ಲರೂ ಪಂಜು ಎಂದೇ ಹೇಳುವುದು. "ಹಿಂದಿನ ಕೋಣೆ: ಪಂಜಿನ ಕಸ, ಹನ್ನೊಂದು ಮೂಟೆ" ಎಂದು ತಮಿಳಿನಲ್ಲಿ ಬರೆದು ಸಹಿ ಹಾಕಿದರು. ಅವರನ್ನು ನಾನು ದೂರುವುದಿಲ್ಲ. ಈ ಊರುಗಳಲ್ಲಿ ಬಿಳಿಯಾಗಿ ಹಾರುವುದೆಲ್ಲ ಪಂಜೇ. ನಮ್ಮ ತಲೆಗೂದಲಿನಲ್ಲಿ, ಬಸ್ಸಿನ ಸೀಟಿನಲ್ಲಿ, ಮಗುವಿನ ಮೂಗಿನಲ್ಲಿ ಇರುವುದೂ ಅದೇ.

ಅವರು ಅಷ್ಟಕ್ಕೇ ಬಿಟ್ಟರು. ನಾನು ಬಿಡಲಿಲ್ಲ. ನೇಕಾರರ ಮನೆಯವಳ ಕೈಗೆ ನಾರು ಸಿಕ್ಕರೆ ಅದು ಸುಮ್ಮನಿರುತ್ತದೆಯೇ? ತೊಡೆಯ ಮೇಲಿಟ್ಟು ಹೊಸೆದೆ, ನೂಲು ಬಂತು. ಎಳೆದೆ, ಹರಿಯಲಿಲ್ಲ. ನಮ್ಮಲ್ಲಿ ನೂಲು ಯಾವುದೆಂದು ತಿಳಿಯಲು ಬೆಂಕಿಕಡ್ಡಿ ಗೀರಿ ತುದಿಗೆ ಹಿಡಿಯುವುದುಂಟು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಇದಕ್ಕೆ ಹಿಡಿದರೆ ಕೆಂಪಗಾಯಿತು, ಕಡ್ಡಿ ಆರಿತು, ಮತ್ತೆ ಬೆಳ್ಳಗಾಯಿತು. ಉರಿಯಲೇ ಇಲ್ಲ! ನಾನು ಶೆಡ್ಡಿನಲ್ಲೇ ಕೂಗಿಕೊಂಡೆ. ಅವತ್ತೇ ಅದರಲ್ಲಿ ಬತ್ತಿ ಹೊಸೆದು ಮನೆಯ ಚೌಡೇಶ್ವರಿ ಅಮ್ಮನ ದೀಪಕ್ಕೆ ಹಾಕಿದೆ. ಎಣ್ಣೆ ಮುಗಿಯಿತು, ಬತ್ತಿ ಹಾಗೇ ಉಳಿಯಿತು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಮನೆಮನೆಗೂ ಎರಡೆರಡು ಬತ್ತಿ ಹಂಚಿ ಹೊಗಳಿಸಿಕೊಂಡೆ.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಗಟ್ಟಿ ಸ್ಟೂಲಿನ ಮೇಲೆ ಎಂಟು ಗಂಟೆ ಕೂರುವ ಹೆಂಗಸರ ಸೊಂಟ ನೋವು ನೋಡಲಾರದೆ, ಆ ನಾರನ್ನು ಕೈಯಲ್ಲೇ ಹಿಂಜಿ ಹನ್ನೆರಡು ದಿಂಬು ಮಾಡಿಕೊಟ್ಟೆ. ಪ್ರತಿ ವರ್ಷ ಆಡಿ, ಎಂದರೆ ಆಷಾಢದ ತಿಂಗಳಲ್ಲಿ ಬಿಚ್ಚಿ, ಬಡಿದು, ಹೊಸದಾಗಿ ತುಂಬುತ್ತಿದ್ದೆ. ಹಿಂಜುವಾಗ ಕಿಟಕಿಯ ಬಿಸಿಲಿನಲ್ಲಿ ಧೂಳು ಮಿನುಗುತ್ತಿತ್ತು, ಅದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು. ಹೀಗೆ ವರ್ಷಗಳಲ್ಲಿ ಏಳು ಮೂಟೆ ಖಾಲಿಯಾಯಿತು. ರಾಜಿ ಒಬ್ಬಳು ಮಾತ್ರ ಮೊದಲ ವಾರವೇ ದಿಂಬು ವಾಪಸು ಕೊಟ್ಟಳು.

"ಅತ್ತಿಗೆ, ಈ ಪಂಜು ಮೈಯೆಲ್ಲಾ ಅರಿಪ್ಪು ಮಾಡ್ತದೆ. ತುರ್ಸ್ಕೊಂಡ್ ತುರ್ಸ್ಕೊಂಡ್ ಸಾಕಾತು. ನಂಗೆ ಬ್ಯಾಡ."

ಅವಳಿಗೆ ನನ್ನ ಕಂಡರೆ ಹೊಟ್ಟೆಕಿಚ್ಚು ಅಂದುಕೊಂಡೆ.

ಮೂರು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ಕಂಡಕ್ಟರು "ಪಾಟಿಮ್ಮಾ, ಮೆದುವಾ" ಅಂದರು. ನಿಧಾನ ಅಂದದ್ದು ಸರಿ, ಅಜ್ಜಿ ಅಂದದ್ದಕ್ಕೆ ಸಿಟ್ಟು ಬಂತೇ ಹೊರತು ಭಯ ಆಗಲಿಲ್ಲ. ಭಯ ಆಮೇಲೆ ಬಂತು. ಔಷಧಿ ಅಂಗಡಿಯ ಸಿರಪ್ಪು, ಆಸ್ತಮಾ ಎಂದು ಎಳೆಯುವ ಔಷಧಿ, ಆಮೇಲೆ ಕ್ಷಯ ಇರಬಹುದೆಂದು ಕಫ ಪರೀಕ್ಷೆ. ಕ್ಷಯ ಎಂಬ ಮಾತು ಬಿದ್ದದ್ದೇ ಮನೆಯಲ್ಲಿ ನನ್ನ ಲೋಟ ಬೇರೆಯಾಯಿತು. ಲೋಟ ಬೇರೆ ಇಟ್ಟವಳು ರಾಜಿ. ದಿನಾ ಬೆಳಿಗ್ಗೆ ಬಂದು ಆಡಿನ ಕಾಲಿನ ಸೂಪು ಮಾಡಿ ಅದೇ ಲೋಟಕ್ಕೆ ತುಂಬಿ, ಮುಗಿಯುವವರೆಗೂ ಎದುರಿಗೆ ನಿಂತವಳೂ ಅವಳೇ. ಯಜಮಾನರು ಬಾಗಿಲ ಹತ್ತಿರ ನಿಂತು ನನ್ನ ಕೆಮ್ಮು ಕೇಳಿಸಿಕೊಂಡು ಒಳಗೆ ಬರದೆ ಹೋಗುತ್ತಿದ್ದರು. ಅಂಟುತ್ತದೆಂದಲ್ಲ, ಅಳುವುದನ್ನು ನಾನು ನೋಡಬಾರದೆಂದು.

ಕ್ಷಯ ಇಲ್ಲ ಎಂದಾಯಿತು. ಸರ್ಕಾರಿ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಹೋಗಿ ಅಂದರು. ಅಲ್ಲಿಯ ಉದ್ದ ಜಗಲಿಯಲ್ಲಿ ನಾನು ಎಷ್ಟು ಬೆಳಗುಗಳನ್ನು ಕಳೆದೆನೋ! ಚೀಟಿ ಕರೆಯುವ ಅಟೆಂಡರಮ್ಮ ಒಬ್ಬರಿದ್ದರು, ದೊಡ್ಡ ಗಂಟಲು, ಎಲ್ಲರನ್ನೂ ಬೈಯುತ್ತಿದ್ದರು. ಎರಡನೇ ಸಲ ಹೋದಾಗ ನಾನು ಎದ್ದು ನಡೆಯಲು ಪಡುವ ಪಾಡು ನೋಡಿ, ಮೂರನೇ ಸಲದಿಂದ ನನ್ನ ಸರದಿಗೆ ಎರಡು ಹೆಸರು ಮುಂಚೆಯೇ ಬಂದು ಮೆಲ್ಲಗೆ ಭುಜ ತಟ್ಟುತ್ತಿದ್ದರು, ಈಗಲೇ ಹೊರಡು ಅನ್ನುವ ಹಾಗೆ. ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಉಪಕಾರ ಅದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ನಮ್ಮ ಮಾತು ನಡೆದದ್ದು ತಮಿಳಿನಲ್ಲಿ, ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.

"ಅಮ್ಮಾ, ಫೌಂಡ್ರಿಯಲ್ಲಿ, ಬಾಯ್ಲರ್ ಹತ್ತಿರ ಎಲ್ಲಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ ಡಾಕ್ಟರ್. ಬನಿಯನ್. ಎಲ್ಲಾ ಪಂಜಿನ ಧೂಳು."

"ಇದು ಪಂಜಿನ ಧೂಳಲ್ಲ. ಆ ಶೆಡ್ಡಲ್ಲಿ ನಿಮಗಿಂತ ಮುಂಚೆ ಏನಿತ್ತು?"

ನನ್ನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಹೇಳಿಕೊಳ್ಳಲು ಒಂದು ಒಳ್ಳೆಯ ಕತೆ! ಕೈ ಆಡಿಸುತ್ತಾ, ಕೆಮ್ಮುತ್ತಾ, ಉರಿಯದ ನಾರಿನ ಕತೆ, ಬತ್ತಿಯ ಕತೆ, ಹನ್ನೆರಡು ದಿಂಬಿನ ಕತೆ ಎಲ್ಲ ಹೇಳಿದೆ. ಅವರೂ ಆಶ್ಚರ್ಯಪಡುತ್ತಾರೆಂದು ಕಾದೆ. ಅವರು ಪೆನ್ನು ಕೆಳಗಿಟ್ಟರು.

"ಕೈಯಲ್ಲೇ ಹಿಂಜಿದ್ರಾ? ಎಷ್ಟು ವರ್ಷ?"

ಅವರು ಕೇಳಿದ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು. ಅದು ಕಲ್ನಾರು ಎಂದರು. ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಹೆಸರು, ಕಲ್ಲಿನ ನಾರು. ಮನೆಯ ಮೇಲೆ ಹಾಕುವ ಆಸ್ಬೆಸ್ಟಾಸ್ ಶೀಟಿನಲ್ಲಿ ಅದನ್ನು ಸಿಮೆಂಟಿನ ಜತೆ ಕಟ್ಟಿಹಾಕಿರುತ್ತಾರೆ, ಒಡೆಯದೆ ಕೊರೆಯದೆ ಬಿಟ್ಟರೆ ಇಷ್ಟು ಕಾಡುವುದಿಲ್ಲ. ನಾನು ಹಿಂಜಿದ್ದು ಬಿಡಿನಾರು. ಶ್ವಾಸಕೋಶದ ಹೊದಿಕೆ ದಪ್ಪಗಾಗಿತ್ತು, ಒಳಗೆ ಗಾಯದ ಕಲೆಗಳಾಗಿದ್ದವು. ಒಂದು ಕಡೆ ಅನುಮಾನವಿತ್ತು, ಸೂಜಿ ಹಾಕಿ ಚೂರು ತೆಗೆದು ಕಳಿಸಿದರು.

ಆ ಫಲಿತಾಂಶ ಬರುವವರೆಗಿನ ಹತ್ತು ದಿನದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ನಾನು ಸಾಯುತ್ತೇನೆಂದು ಹೆದರಿದೆ, ನಿಜ. ಅದಕ್ಕಿಂತ ಹೆಚ್ಚಾಗಿ ಆ ಹನ್ನೆರಡು ದಿಂಬು ಕಣ್ಣ ಮುಂದೆ ಬರುತ್ತಿತ್ತು. ಬತ್ತಿ ಹಂಚಿದ ಮನೆಗಳಿಗೆಲ್ಲ ಮತ್ತೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಹೊಗಳಿದ್ದ ಬಾಯಿಗಳೇ ಬೈದವು, ಬೈಸಿಕೊಂಡೆ. ಹನ್ನೊಂದನೇ ದಿನ ಡಾಕ್ಟರಮ್ಮ ತಾವೇ ಜಗಲಿಗೆ ಎದ್ದು ಬಂದು "ಕ್ಯಾನ್ಸರ್ ಇಲ್ಲ" ಅಂದರು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡೆ. ಆಕೆಯೂ ತಬ್ಬಿಕೊಂಡಳು. ಹೋದ ಉಸಿರು ವಾಪಸು ಬರುವುದಿಲ್ಲ, ಇರುವುದನ್ನು ಜೋಪಾನ ಮಾಡಿಕೊಳ್ಳಬೇಕು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಅವತ್ತು ನನಗೆ ಅದೂ ವರದ ಹಾಗೆ ಕೇಳಿಸಿತು.

ಡಾಕ್ಟರಮ್ಮ ಕಲ್ನಾರು ಎಂದ ದಿನವೇ ಆಸ್ಪತ್ರೆಯಿಂದ ಆಟೋ ಹಿಡಿದು ನೇರ ಶೆಡ್ಡಿಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ಶೆಡ್ ನಡೆಸುತ್ತಿದ್ದವಳು ರಾಜಿ. ದಿಂಬಿನ ಕಾಲ ಮುಗಿದಿತ್ತು, ಈಗ ಪ್ಲಾಸ್ಟಿಕ್ ಕುರ್ಚಿ. ಆದರೆ ಉಳಿದ ನಾಲ್ಕು ಮೂಟೆ ಹಿಂದಿನ ಕೋಣೆಯಲ್ಲೇ ಇದ್ದವು. ಒಂದನ್ನು ಇಲಿ ಹರಿದಿತ್ತು. ಅದರ ಪಕ್ಕದಲ್ಲೇ ಹೆಂಗಸರು ಕೂತು ಬುತ್ತಿ ಬಿಚ್ಚಿದ್ದರು. "ಎಲ್ರೂ ಈಚೆ ಬನ್ನಿ!" ಎಂದು ಕೂಗಿದೆ. ಕೂಗಿದ ರಭಸಕ್ಕೆ ನಾನೇ ಬಾಗಿಲಲ್ಲಿ ಕುಸಿದೆ.

ಮುಟ್ಟಬೇಡಿ, ಗುಡಿಸಬೇಡಿ, ಇದನ್ನು ತಿಳಿದವರೇ ತೆಗೆಯಬೇಕು, ಶೆಡ್ ಯಾರದೋ ಅವರು ತೆಗೆಸಬೇಕು ಎಂದಿದ್ದರು ಡಾಕ್ಟರಮ್ಮ. ಶೆಡ್ ಸರ್ಕಾರದ್ದು. ಕೋಣೆಗೆ ಬೀಗ ಹಾಕಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ನಾನು ಮನು ಬರೆದೆ. ಅರ್ಜಿಗೆ ಇಲ್ಲಿ ಮನು ಎನ್ನುತ್ತಾರೆ. ಸೋಮವಾರ ಕಲೆಕ್ಟರ ಕಚೇರಿಯಲ್ಲಿ ಜನರ ಮನು ತೆಗೆದುಕೊಳ್ಳುವ ದಿನ. ಅಲ್ಲಿಂದ ಅದು ಕೈಗಾರಿಕೆಯವರಿಗೆ ಹೋಯಿತು. ಅವರು ಮಾಲಿನ್ಯದವರನ್ನು ಕೇಳಿ ಅಂದರು. ಮಾಲಿನ್ಯದವರು ಕಾರ್ಖಾನೆ ತಪಾಸಣೆಯವರನ್ನು ಕೇಳಿ ಅಂದರು. ಅವರು ಕಾರ್ಮಿಕರು ಹದಿಮೂರೇ ಜನ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಪ್ರತಿ ಕಚೇರಿಗೂ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ನಾನು ನಿಂತು ನಿಂತು ಹತ್ತಬೇಕು. ಮೂರನೇ ಮಹಡಿಯಲ್ಲಿ ಕೂರುವ ಅಧಿಕಾರಿಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಒಂದು ವರ್ಷ ಕಳೆದ ಮೇಲೆ ಇಲಾಖೆಯಿಂದ ಉತ್ತರ ಬಂತು. ಒಳಗಿರುವ ಅಪಾಯಕಾರಿ ವಸ್ತು ಬಾಡಿಗೆದಾರರ ಸ್ವಾಧೀನದಲ್ಲಿದೆ, ಮೂವತ್ತು ದಿನದಲ್ಲಿ ಅವರೇ ತೆರವು ಮಾಡಬೇಕು, ಇಲ್ಲದಿದ್ದರೆ ಶೆಡ್ ಖಾಲಿ ಮಾಡಬೇಕು. ರಾಜಿ ನನ್ನ ಮನೆ ಬಾಗಿಲಿಗೆ ಬಂದು ಕಾಗದವನ್ನು ಮುಖಕ್ಕೆ ಹಿಡಿದಳು.

"ಓದಿದ್ರಾ ಅತ್ತಿಗೆ? ನಿಮ್ ಮನುವಿಂದ ಬಂದ ಪ್ರಸಾದ ಇದು. ಹನ್ನೆರಡ್ ಹೆಂಗಸ್ರು ಈ ಕೆಲ್ಸ ಬುಟ್ಟು ಎಲ್ಲಿಗ್ ಹೋಗ್ಬೇಕು? ಬೀಗ ಹಾಕಿದ್ವಲ್ಲ, ಸುಮ್ನೆ ಇದ್ದಿದ್ರೆ ಆಗ್ತಿರ್ಲಿಲ್ವಾ?"

"ಬೀಗ ಹಾಕಿದ್ರೆ ಧೂಳು ನಿಲ್ತದಾ ರಾಜಿ? ನನ್ ಎದೆ ನೋಡಿಯೂ ಹಿಂಗಂತೀಯಲ್ಲ."

"ನಿಮ್ ಎದೆ ನೋಡೇ ನಂಗೆ ಪಯ ಅತ್ತಿಗೆ. ಕೆಲ್ಸಾನೂ ಹೋಗಿ ಎದೇನೂ ಹೋದ್ರೆ ಅವ್ರು ಏನ್ ತಿಂತಾರೆ?"

ಅವಳು ಹೇಳಿದ್ದೂ ಸರಿಯೇ. ಕೋಣೆ ಶುದ್ಧವಾಗಬೇಕು, ಶೆಡ್ಡೂ ಉಳಿಯಬೇಕು. ಎರಡೂ ಒಟ್ಟಿಗೆ ಆಗದಿದ್ದರೆ ಆ ಹೆಂಗಸರ ಪಾಲಿಗೆ ನಾನು ಎರಡನೇ ಸಲ ಕೇಡು ಮಾಡಿದ ಹಾಗೆ.

ಆಗ ಬಾಯಿ ಬಿಟ್ಟವರು ಯಜಮಾನರು. "ಪೂಜೆ ಪೆಟ್ಟಿಗೇಲಿ ನೋಡು" ಅಂದರು. ಆಯುಧಪೂಜೆಯ ದಿನ ನಮ್ಮಲ್ಲಿ ಕತ್ತರಿ, ಮೆಷಿನ್ನಿನ ಜತೆ ಅಂಗಡಿಯ ಮೊದಲ ಕಾಗದಗಳನ್ನೂ ದೇವರ ಮುಂದಿಟ್ಟು ಗಂಧ ಕುಂಕುಮ ಹಚ್ಚುವುದು ರೂಢಿ. ಕಚೇರಿಯ ಕಡತದಲ್ಲಿ ಕಾಣೆಯಾಗಿದೆ ಎಂದು ಇಲಾಖೆ ಹೇಳುತ್ತಿದ್ದ, ಶೆಡ್ ಕೊಟ್ಟ ದಿನದ ಆ ಪಟ್ಟಿ, ನಮ್ಮ ಪೆಟ್ಟಿಗೆಯಲ್ಲಿ ಪ್ರತಿ ವರ್ಷ ಪೂಜೆ ಮಾಡಿಸಿಕೊಂಡು ಹಾಯಾಗಿತ್ತು! ಕಾಗದ ಅರಿಶಿನದ ಬಣ್ಣಕ್ಕೆ ತಿರುಗಿತ್ತು, ನಾಲ್ಕು ಮೂಲೆಗೂ ಕುಂಕುಮ. ನಡುವೆ ಸ್ಪಷ್ಟವಾಗಿ ಹನ್ನೊಂದು ಮೂಟೆ, ಕೆಳಗೆ ಅಧಿಕಾರಿಯ ಸಹಿ, ಇಲಾಖೆಯ ಮುದ್ರೆ. ನಾನು ಕುಣಿದೆ. ನಿಜವಾಗಿ ಕುಣಿದೆ, ಆಮೇಲೆ ಅರ್ಧ ಗಂಟೆ ಮಲಗಬೇಕಾಯಿತು.

ವಿಚಾರಣೆಗೆ ಕರೆದರು. ಮೇಜಿನ ಆಚೆ ದೊಡ್ಡ ಅಧಿಕಾರಿ, ಅವರ ಪಕ್ಕದಲ್ಲಿ ಇಳಂಗೋ ಎಂಬ ಎಂಜಿನಿಯರು. ಈಚೆ ನಾನು, ಯಜಮಾನರು, ರಾಜಿ, ಹಿಂದೆ ಹನ್ನೆರಡು ಹೆಂಗಸರು. ಅಧಿಕಾರಿ ಕುಂಕುಮ ಉಜ್ಜಿ ಉಜ್ಜಿ ಓದಿದರು. ಒಪ್ಪಲೇಬೇಕಾಯಿತು, ಮೂಟೆಗಳು ನಮಗಿಂತ ಮುಂಚೆ ಅಲ್ಲಿದ್ದವು. ಆಮೇಲೆ ಕನ್ನಡಕ ತೆಗೆದು ಕೇಳಿದರು.

"ಇಲ್ಲಿ ಹನ್ನೊಂದು. ಈಗ ಇರೋದು ನಾಲ್ಕು. ಏಳು ಏನಾಯ್ತು?"

ಇಲಿ ತಿಂದಿತು ಎನ್ನಬಹುದಿತ್ತು. ಯಜಮಾನರು ನನ್ನ ಸೆರಗು ಎಳೆದರು ಕೂಡ. ಆದರೆ ಬೆನ್ನ ಹಿಂದೆ ಆ ಹೆಂಗಸರಿದ್ದರು.

"ನಾನೇ ಬಿಚ್ಚಿದೆ ಸಾರ್. ಹಿಂಜಿ ಇವರಿಗೆಲ್ಲ ದಿಂಬು ಮಾಡಿಕೊಟ್ಟೆ. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ."

"ಹಾಗಾದ್ರೆ ಹರಡಿದ್ದು ನೀವು. ಜವಾಬ್ದಾರಿ..."

ಮಾತು ಮುಗಿಯುವ ಮುಂಚೆ ರಾಜಿ ಎದ್ದಳು. ಆ ಕಾಗದ ತಂದು ನನ್ನ ಮುಖಕ್ಕೆ ಹಿಡಿದಿದ್ದ ರಾಜಿ!

"ಸಾರ್, ದಿಂಬ್ ಮಾಡಿದ್ದು ನಮ್ಮ ಅತ್ತಿಗೆ. ಮೇಲೆ ಕುಂತಿದ್ದು ಇವ್ರು. ಪಂಜು ಅಂತ ಬರ್ಕೊಟ್ಟಿದ್ದು ಯಾರು? ಕಲ್ನಾರು ಅಂತ ಒಂದ್ ವಾರ್ತೆ ಹೇಳಿದ್ರೆ ನಮ್ ಅತ್ತಿಗೆ ಅದ್ನ ಮುಟ್ತಿದ್ರಾ? ಓದಿದವ್ರು ನೀವೇ ಪಂಜು ಅಂದ್ರೆ, ನಾವು ಏನನ್ಬೇಕು?"

ನನಗೆ ಅಳು ನಗು ಎರಡೂ ಬಂತು, ಎರಡೂ ಸೇರಿ ಕೆಮ್ಮಾಯಿತು. ಇಳಂಗೋ ಎದ್ದು ತನ್ನ ನೀರಿನ ಬಾಟಲಿ ಕೊಟ್ಟ.

ಎರಡು ತಿಂಗಳಿಗೆ ಆದೇಶ ಬಂತು. ಇಲಾಖೆಯೇ ಶುದ್ಧ ಮಾಡಿಸುತ್ತದೆ, ಅಲ್ಲಿಯವರೆಗೆ ಎದುರಿನ ಖಾಲಿ ಶೆಡ್ಡಿನಲ್ಲಿ ಹೊಲಿಗೆ ನಡೆಯಲಿ, ಮುಗಿದ ಮೇಲೆ ಅದೇ ಶೆಡ್ಡಿಗೆ ವಾಪಸು, ಕೆಲಸ ಮಾಡಿದವರಿಗೆಲ್ಲ ಎದೆಯ ಫಿಲ್ಮು. ರಾಜಿಯ ಫಿಲ್ಮಿಗಾಗಿ ಅದೇ ಜಗಲಿಯಲ್ಲಿ ಕಾಯುವಾಗ ಚೌಡೇಶ್ವರಿ ಅಮ್ಮನಿಗೆ ಹೊತ್ತಷ್ಟು ಹರಕೆಯನ್ನು ನನ್ನದಕ್ಕೂ ಹೊತ್ತಿರಲಿಲ್ಲ. ಅವಳದು ಶುದ್ಧವಾಗಿತ್ತು. ಇಬ್ಬರು ಹಳಬರಿಗೆ ಮಾತ್ರ ಚಿಕ್ಕ ಕಲೆಗಳಿವೆ, ಆರು ತಿಂಗಳಿಗೊಮ್ಮೆ ಬರಬೇಕು. ಅವರ ಜತೆ ನಾನೂ ಹೋಗುತ್ತೇನೆ.

ಈಗ ಹೋದ ವಾರದ ಸಂಗತಿ. ಐದು ದಿನ ಕೆಲಸ ನಡೆಯಿತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿ, ಮುಖವಾಡ ಕಟ್ಟಿಕೊಂಡು ಬಂದವರು ನಾರಿನ ಮೇಲೆ ನೀರು ಸಿಂಪಡಿಸಿ, ಒಂದರೊಳಗೊಂದು ಚೀಲ ಹಾಕಿ ಬಿಗಿದರು. ಗೋಡೆ, ತೊಲೆ, ಕಿಟಕಿ ಎಲ್ಲ ಒರೆಸಿದರು. ಇಳಂಗೋ ತಾನೂ ಮುಖವಾಡ ಹಾಕಿಕೊಂಡು ಜತೆಗೇ ನಿಂತು ಮಾಡಿಸಿದ. ನಾನು ದಿನಾ ಎದುರಿನ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಮದುವೆ ನೋಡುವ ಹಾಗೆ ನೋಡಿದೆ. ಐದನೇ ದಿನ ಮಧ್ಯಾಹ್ನ ಚೀಲಗಳು ಲಾರಿಗೇರಿದವು. ಚೆನ್ನೈ ಕಡೆ ಇಂಥದ್ದನ್ನು ಹೂಳುವ ಜಾಗವಿದೆಯಂತೆ, ಅಲ್ಲಿಗೆ ಹೋಗಬೇಕು. ಡ್ರೈವರು ಹೊರಡುವ ಮುಂಚೆ ಜತೆಗೆ ಒಯ್ಯುವ ಫಾರಂ ತೆಗೆದು ಗಟ್ಟಿಯಾಗಿ ಓದಿದ. ಕಳಿಸುವವರು ಎಂಬಲ್ಲಿ ನಮ್ಮ ಹೊಲಿಗೆ ಶೆಡ್ಡಿನ ಹೆಸರು ಅಚ್ಚಾಗಿತ್ತು.

ನಾನು ಎದ್ದು ನಿಂತೆ, ಉಸಿರು ಸಿಗಲಿಲ್ಲ. ನಾಳೆ ಆ ಚೀಲಕ್ಕೆ ಏನಾದರೂ ಆದರೆ ಅದು ನಮ್ಮದೇ. ಇಷ್ಟೆಲ್ಲ ಆದ ಮೇಲೂ ನಮ್ಮದೇ! ನನ್ನ ಮುಖ ನೋಡಿದ್ದೇ ರಾಜಿಗೆ ಅರ್ಥವಾಯಿತು. ಹೋಗಿ ಲಾರಿಯ ಮುಂದೆ ನಿಂತಳು. ಹನ್ನೆರಡು ಹೆಂಗಸರೂ ಹೋಗಿ ಅವಳ ಪಕ್ಕ ನಿಂತರು.

"ತಂಬಿ, ಆ ಪೇರು ತಿದ್ದದೆ ವಂಡಿ ಅಲ್ಲಾಡಕೂಡ್ದು."

ಕಚೇರಿಯಲ್ಲಿ ಯಾರೋ ಹಳೆಯ ನಮೂನೆ ಅಚ್ಚು ಹಾಕಿದ್ದಾರೆ ಎಂದ ಇಳಂಗೋ. ಹಾಗಾದರೆ ತಿದ್ದು ಎಂದರು ಹೆಂಗಸರು. ದೊಡ್ಡ ಅಧಿಕಾರಿಗೆ ಫೋನ್ ಮಾಡಿದ. ರಾಜಿ ಎಲ್ಲರಿಗೂ ಕೇಳುವ ಹಾಗೆ ಇಡಿಸಿದಳು. ಡ್ರೈವರು ಇಂಜಿನ್ ಆರಿಸಿದ. ಕೊನೆಗೆ ಫೋನಿನಿಂದ ಮಾತು ಬಂತು: "ನಮ್ಮದು ಅಂತಲೇ ಬರೀರಿ."

ಲಾರಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ನಮ್ಮ ಹೆಸರು ಹೊಡೆದು, ಇಲಾಖೆಯ ಪೂರ್ತಿ ಹೆಸರು ಬರೆದು, ಇಳಂಗೋ ಸಹಿ ಹಾಕಿ ಮುದ್ರೆ ಒತ್ತಿದ. ಗಟ್ಟಿಯಾಗಿ ಓದಿಸಿದೆವು. ಹೆಂಗಸರು ಚಪ್ಪಾಳೆ ತಟ್ಟಿದರು, ಬಿಳಿ ಉಡುಪಿನವರೂ ತಟ್ಟಿದರು. ನಾನು ಕುರ್ಚಿ ಹಿಡಿದುಕೊಂಡು ಎರಡು ಕಾಲಿನಲ್ಲೂ ಎಗರಿದೆ.

ರಾಜಿ ಮಾತ್ರ ದಾರಿ ಬಿಡಲಿಲ್ಲ.

"ಸರಿ ತಂಬಿ, ಈ ಚೀಲ ನಿಮ್ದು ಅಂತ ಆತು. ನಮ್ ಅತ್ತಿಗೆ ಎದೆಲಿ ಇರೋದು ಯಾರ್ದು?"

ಇಳಂಗೋ ಕಾಗದ ನೋಡಿದ. ಅದರಲ್ಲಿ ಅದಕ್ಕೆ ಜಾಗವಿರಲಿಲ್ಲ. ನನ್ನ ಕಡೆ ತಿರುಗಿ, ಮುಖವಾಡ ಕೆಳಗಿಳಿಸಿ ಮೆಲ್ಲಗೆ ಅಂದ: "ಅದೂ ನಮ್ಮದೇ ಅಮ್ಮಾ."

ಆ ಮಾತಿಗೆ ಸಹಿಯಿಲ್ಲ, ಮುದ್ರೆಯಿಲ್ಲ. ಬರುವ ಸೋಮವಾರ ಅವೆರಡನ್ನೂ ಹಾಕಿಸಿಕೊಳ್ಳಲು ನಾನೂ ರಾಜಿಯೂ ಕಲೆಕ್ಟರ ಕಚೇರಿಗೆ ಹೋಗುತ್ತಿದ್ದೇವೆ.